ಬಿಸಿ ಇಳಿಸಿದ್ರೆ ಗಾಳಿ ಸರಿಹೋಗತ್ತಾ? ಲಾಸ್ ಏಂಜಲೀಸ್ ಪ್ರಕರಣ

2020ರ ಸೆಪ್ಟೆಂಬರ್ 6, ಭಾನುವಾರ. ಲಾಸ್ ಏಂಜಲೀಸ್‌ನ ವುಡ್‌ಲ್ಯಾಂಡ್ ಹಿಲ್ಸ್ ಅನ್ನೋ ಏರಿಯಾದಲ್ಲಿ ಅವತ್ತು ಉಷ್ಣಾಂಶ 49.4 ಡಿಗ್ರಿ ಸೆಲ್ಸಿಯಸ್ ಮುಟ್ತು, ಇಡೀ ಕೌಂಟಿಯಲ್ಲೇ ಅಲ್ಲೀವರೆಗೆ ದಾಖಲಾಗದಷ್ಟು. ಅದೇ ದಿನ ಊರಿನ ನಡುವೆ, ಡೌನ್‌ಟೌನ್‌ನಲ್ಲಿರೋ ಮಾಪನ ಕೇಂದ್ರದಲ್ಲಿ ಓಝೋನ್ 185 ಪಿಪಿಬಿ ತೋರಿಸ್ತು, ಅಂದ್ರೆ ಗಾಳಿಯ ನೂರು ಕೋಟಿ ಅಣುವಿನಲ್ಲಿ 185 ಓಝೋನ್. ಆಕಾಶದ ಮೇಲ್ಪದರದಲ್ಲಿ ನಮ್ಮನ್ನ ಕಾಯೋ ಅನಿಲವೇ ಇದು, ಆದ್ರೆ ನೆಲದ ಹತ್ರ ಇದ್ರೆ ಉಸಿರಿಗೆ ಕೆಡುಕು. ಎರಡು ದಶಕಕ್ಕೂ ಮೇಲಾಗಿತ್ತು ಅಲ್ಲಿ ಅಷ್ಟು ಕಂಡು. ಅಮೆರಿಕದ ಮಿತಿ ಎಂಟು ಗಂಟೆಯ ಸರಾಸರಿಯಲ್ಲಿ 70. ಈ 185 ಒಂದು ಗಂಟೆಯ ಲೆಕ್ಕ, ಹಾಗಾಗಿ ಎರಡನ್ನೂ ಪಕ್ಕಪಕ್ಕ ಇಟ್ಟು ಅಳೆಯೋಕಾಗಲ್ಲ, ಆದ್ರೂ ಪರಿಸ್ಥಿತಿ ಎಲ್ಲಿಗೆ ಹೋಗಿತ್ತು ಅಂತ ಗೊತ್ತಾಗತ್ತೆ.

ಇದರಲ್ಲಿ ನನ್ನನ್ನ ಹಿಡಿದು ನಿಲ್ಲಿಸಿದ ವಿಷಯ ಅಂದ್ರೆ ಅದು ಕೋವಿಡ್ ವರ್ಷ. ಮಾರ್ಚ್ ಏಪ್ರಿಲ್‌ನಲ್ಲಿ ರಸ್ತೆ ಖಾಲಿ, ಆಕಾಶ ನೀಲಿ, ದೂರದ ಬೆಟ್ಟ ಸ್ಪಷ್ಟವಾಗಿ ಕಾಣ್ತಿರೋ ಫೋಟೋಗಳು ಎಲ್ಲರ ಫೋನಲ್ಲೂ ಓಡಾಡ್ತಿದ್ವು. ಆದ್ರೆ ವರ್ಷ ಮುಗಿದು ಲೆಕ್ಕ ಹಾಕಿದಾಗ ಆ ಪ್ರದೇಶದಲ್ಲಿ ಓಝೋನ್ ಮಿತಿ ಮೀರಿದ ದಿನ 157, 1997ರ ನಂತರ ಅದೇ ಅತಿ ಹೆಚ್ಚು. ಕಾರು ಕಮ್ಮಿ ಓಡಿದ ವರ್ಷದಲ್ಲೇ ಹೀಗಾಯ್ತು! ಸರಕು ಲಾರಿ ನಿಂತಿರಲಿಲ್ಲ, ಬೇಸಿಗೆ ಹೊತ್ತಿಗೆ ಕಾರುಗಳೂ ಸುಮಾರಾಗಿ ವಾಪಸ್ ಬಂದಿದ್ವು, ಕಾಡ್ಗಿಚ್ಚೂ ಸೇರ್ಕೊಳ್ತು, ಅದನ್ನೆಲ್ಲ ಒಪ್ಪೋಣ. ಆದ್ರೆ ಆ ವರ್ಷದ ದೊಡ್ಡ ಪಾತ್ರಧಾರಿ ಬಿಸಿಲು.

ಗಾಳಿ ಮಾಲಿನ್ಯ ಅಂದ ತಕ್ಷಣ ನಾವು ಹೊಗೆ ಕೊಳವೆ, ಸೈಲೆನ್ಸರ್, ಧೂಳು ಇಷ್ಟನ್ನೇ ನೆನೆಸ್ಕೊಳ್ತೀವಿ. ಊರು ಕಾಯೋದು ಬೇರೆ ಸಮಸ್ಯೆ, ಗಾಳಿ ಕೆಡೋದು ಬೇರೆ ಸಮಸ್ಯೆ ಅಂತ ಎರಡು ಫೈಲ್ ಮಾಡಿ ಎರಡು ಇಲಾಖೆಗೆ ಕೊಟ್ಬಿಡ್ತೀವಿ. ಲಾಸ್ ಏಂಜಲೀಸ್‌ನಲ್ಲಿ ಇವೆರಡೂ ಒಂದೇ ಅಂತ ಸಂಶೋಧಕರು ನಲವತ್ತು ವರ್ಷದ ಹಿಂದೆಯೇ ಹೇಳೋಕೆ ಶುರು ಮಾಡಿದ್ರು, ಊರನ್ನ ತಂಪು ಮಾಡಿ ಗಾಳಿ ಸರಿ ಮಾಡೋಣ ಅಂತ ನಿಜಕ್ಕೂ ಕೆಲಸಾನೂ ಆಯ್ತು. ಅದರಲ್ಲಿ ಫಲ ಕೊಟ್ಟಿದ್ದು ಯಾವುದು, ಉಲ್ಟಾ ಹೊಡೆದಿದ್ದು ಯಾವುದು, ಯಾಕೆ, ಇದನ್ನ ಸ್ವಲ್ಪ ವಿವರವಾಗಿ ಬರೀತೀನಿ.

ಬಟ್ಟಲಿನಂಥ ಊರು

ಮೊದಲು ಜಾಗ ಅರ್ಥ ಆಗ್ಬೇಕು. ಪಶ್ಚಿಮಕ್ಕೆ ಪೆಸಿಫಿಕ್ ಸಮುದ್ರ, ಉತ್ತರಕ್ಕೆ ಸ್ಯಾನ್ ಗೇಬ್ರಿಯಲ್ ಬೆಟ್ಟಸಾಲು, ಪೂರ್ವಕ್ಕೆ ಸ್ಯಾನ್ ಬರ್ನಾರ್ಡಿನೋ ಬೆಟ್ಟ. ಮಧ್ಯದಲ್ಲಿ ಬಟ್ಟಲಿನ ಹಾಗೆ ಊರು. ಸಾಮಾನ್ಯವಾಗಿ ಮೇಲೆ ಹೋದಂಗೆ ಗಾಳಿ ತಣ್ಣಗಾಗತ್ತೆ, ಅದಕ್ಕೇ ನೆಲದ ಬಿಸಿ ಗಾಳಿ ಮೇಲೇರಿ ಹೊಗೆಯನ್ನೂ ಜೊತೆಗೆ ಕರ್ಕೊಂಡು ಹೋಗತ್ತೆ. ಇಲ್ಲಿ ಹಾಗಲ್ಲ. ಕೆಳಗೆ ಸಮುದ್ರದಿಂದ ಬಂದ ತಂಪು ಗಾಳಿ, ಅದರ ಮೇಲೆ ಬಿಸಿ ಗಾಳಿಯ ಪದರ ಮುಚ್ಚಳ ಹಾಕಿದ ಹಾಗೆ ಕೂತಿರತ್ತೆ. ಕೆಳಗಿನದು ಮೇಲೆ ಹೋಗೋಕೆ ದಾರಿ ಇಲ್ಲ. 1542ರಲ್ಲಿ ಕಬ್ರಿಯೋ ಅನ್ನೋ ನಾವಿಕ ಹಡಗಲ್ಲಿ ಬಂದಾಗಲೇ ಮೂಲನಿವಾಸಿಗಳ ಬೆಂಕಿಯ ಹೊಗೆ ಮೇಲೇರದೆ ಹರಡಿಕೊಂಡಿದ್ದನ್ನ ನೋಡಿ ಆ ಕೊಲ್ಲಿಗೆ ಹೊಗೆಯ ಕೊಲ್ಲಿ ಅಂತ ಹೆಸರಿಟ್ಟ. ಆಗ ಒಂದು ಕಾರೂ ಇರ್ಲಿಲ್ಲ.

ಮಧ್ಯಾಹ್ನ ಸಮುದ್ರದ ಗಾಳಿ ಬೀಸೋಕೆ ಶುರುವಾದ್ರೆ ಅದು ಬೆಳಗಿನ ಕೊಳೆಯನ್ನೆಲ್ಲ ಪೂರ್ವಕ್ಕೆ ತಳ್ಕೊಂಡು ಹೋಗತ್ತೆ, ಹೋಗ್ತಾ ಹೋಗ್ತಾ ಬಿಸಿಲಲ್ಲಿ ಅದು ಬೇಯತ್ತೆ. ಹಾಗಾಗಿ ಹೊಗೆ ಬಿಟ್ಟಿದ್ದು ಒಂದು ಕಡೆ, ಓಝೋನ್ ತಿನ್ನೋದು ಇನ್ನೊಂದು ಕಡೆ, ರಿವರ್‌ಸೈಡ್, ಸ್ಯಾನ್ ಬರ್ನಾರ್ಡಿನೋ ಕಡೆಯ ಜನ. ಊರಿನ ಬಿಸಿಯನ್ನೂ ಇದೇ ಗಾಳಿ ಒಳನಾಡಿಗೆ ಸಾಗಿಸತ್ತೆ, ಹಾಗಾಗಿ ಅವರಿಗೆ ಎರಡೂ ಒಟ್ಟಿಗೆ.

ರಬ್ಬರ್ ಬಿರುಕು ಬಿಟ್ಟಾಗ

1943ರ ಜುಲೈ 26ಕ್ಕೆ ಊರಿನ ಮೇಲೆ ಕಂದು ಮಬ್ಬು ಕವಿದು ಜನರ ಕಣ್ಣು ಉರಿ, ಗಂಟಲು ಉರಿ. ಯುದ್ಧದ ಕಾಲ, ಜಪಾನಿನವರು ವಿಷಾನಿಲ ಬಿಟ್ರು ಅಂತ ಹೆದರಿದವರೂ ಇದ್ರು. ಆಮೇಲೆ ಒಂದು ಕೃತಕ ರಬ್ಬರ್ ಸಾಮಗ್ರಿ ಮಾಡೋ ಕಾರ್ಖಾನೆ ಮೇಲೆ ಅನುಮಾನ ಬಂದು ಅದನ್ನ ನಿಲ್ಲಿಸಿದ್ರು. ಮಬ್ಬು ಮಾತ್ರ ಹೋಗ್ಲಿಲ್ಲ.

ಗುಟ್ಟು ಬಿಡಿಸಿದ್ದು ಕ್ಯಾಲ್‌ಟೆಕ್‌ನ ಆರಿ ಹಾಗೆನ್-ಸ್ಮಿತ್ ಅನ್ನೋ ಡಚ್ ಮೂಲದ ರಸಾಯನ ವಿಜ್ಞಾನಿ. ಅವರು ಅಲ್ಲೀತನಕ ಅನಾನಸ್ ಹಣ್ಣಿನ ಪರಿಮಳ ಎಲ್ಲಿಂದ ಬರತ್ತೆ ಅಂತ ಹುಡುಕ್ತಿದ್ದವರು, ಗಾಳಿಯಿಂದ ವಾಸನೆಯ ಅಂಶ ಹಿಡಿದು ಬೇರ್ಪಡಿಸೋ ಕೈಚಳಕ ಇತ್ತು, ಅದನ್ನೇ ಊರಿನ ಗಾಳಿಗೆ ಹಚ್ಚಿದ್ರು. 1950ರ ದಶಕದ ಶುರುವಲ್ಲಿ ಅವರು ತೋರಿಸಿದ್ದು ಇಷ್ಟು: ವಾಹನದ ಹೊಗೆ, ಪೆಟ್ರೋಲ್ ಆವಿ ಎಲ್ಲ ಬಿಸಿಲಿಗೆ ಬಿದ್ದು ಓಝೋನ್ ತಯಾರಾಗತ್ತೆ. ಓಝೋನ್ ಯಾವ ಕೊಳವೆಯಿಂದಲೂ ನೇರವಾಗಿ ಹೊರಗೆ ಬರಲ್ಲ, ಗಾಳಿಯಲ್ಲೇ ಹುಟ್ಟತ್ತೆ. ಅಳೆಯೋಕೆ ಅವರ ಹತ್ರ ಇದ್ದ ಒಂದು ಸರಳ ಉಪಾಯ ನನಗೆ ಬಹಳ ಇಷ್ಟ. ರಬ್ಬರ್ ಪಟ್ಟಿಯನ್ನ ಬಗ್ಗಿಸಿ ಗಾಳಿಯಲ್ಲಿಟ್ಟು ಬಗ್ಗಿದ ಜಾಗದಲ್ಲಿ ಬಿರುಕು ಬಿಡೋಕೆ ಎಷ್ಟು ಹೊತ್ತು ಬೇಕು ಅಂತ ನೋಡೋದು, ಬೇಗ ಬಿಟ್ರೆ ಓಝೋನ್ ಜಾಸ್ತಿ. ಆ ಊರಲ್ಲಿ ಕಾರಿನ ಟೈರು ಬೇಗ ಬಿರುಕು ಬಿಡೋದನ್ನ ಜನ ಅದಕ್ಕೂ ಮೊದಲೇ ಗಮನಿಸಿದ್ರು. ರಬ್ಬರನ್ನೇ ಸೀಳೋ ಗಾಳಿಯನ್ನ ಮಕ್ಕಳು ಉಸಿರಾಡ್ತಿದ್ರು. 1955ರಲ್ಲಿ ಓಝೋನ್ 680 ಪಿಪಿಬಿ ತನಕ ಹೋಗಿತ್ತು.

ಅಲ್ಲಿಂದ ಇಲ್ಲಿಗೆ ದೊಡ್ಡ ದಾರಿ ಸವೆಸಿದಾರೆ, ಅದನ್ನ ಮರೆಯಬಾರದು. 1947ರಲ್ಲೇ ಕೌಂಟಿ ಮಟ್ಟದ ಮಾಲಿನ್ಯ ನಿಯಂತ್ರಣ ಸಂಸ್ಥೆ, 1967ರಲ್ಲಿ ರಾಜ್ಯದ ವಾಯು ಸಂಪನ್ಮೂಲ ಮಂಡಳಿ (ಅದರ ಮೊದಲ ಅಧ್ಯಕ್ಷರು ಇದೇ ಹಾಗೆನ್-ಸ್ಮಿತ್), 1975ರ ಕಾರು ಮಾಡೆಲ್‌ಗಳಿಂದ ಕ್ಯಾಟಲಿಟಿಕ್ ಕನ್ವರ್ಟರ್, ಅಂದ್ರೆ ಹೊಗೆ ಹೊರಗೆ ಬರೋ ಮೊದಲೇ ಅದರ ವಿಷ ಕಮ್ಮಿ ಮಾಡೋ ಸಾಧನ. ಗಾಳಿ ಎಷ್ಟೋ ಪಾಲು ಸುಧಾರಿಸ್ತು. ಆದ್ರೆ 2010ರ ಆಸುಪಾಸಿಂದ ಓಝೋನ್ ಇಳಿಯೋದು ನಿಂತೇಹೋಯ್ತು ಅನ್ನೋ ಹಾಗಾಗಿದೆ, ಎಷ್ಟು ಕಾನೂನು ಬಿಗಿ ಮಾಡಿದ್ರೂ ಬೇಸಿಗೆ ಬಂದ್ರೆ ಮತ್ತೆ ಅದೇ ಕಥೆ.

ಬಿಸಿ ಒಳಗೊಳಗೆ ಮಾಡೋ ಕೆಲಸ

ಓಝೋನ್‌ಗೆ ಎರಡು ಕಚ್ಚಾವಸ್ತು ಬೇಕು. ಒಂದು ನೈಟ್ರೋಜನ್ ಆಕ್ಸೈಡ್‌ಗಳು, ನಾಕ್ಸ್ ಅಂತಾರೆ, ಇಂಜಿನ್, ಬಾಯ್ಲರ್, ಪವರ್ ಪ್ಲಾಂಟ್ ಹೀಗೆ ಏನನ್ನ ಸುಟ್ರೂ ಬರತ್ತೆ. ಇನ್ನೊಂದು ವಿಓಸಿ, ಅಂದ್ರೆ ಸುಲಭವಾಗಿ ಆವಿಯಾಗೋ ಇಂಗಾಲದ ಸಂಯುಕ್ತಗಳು, ಪೆಟ್ರೋಲ್, ಪೇಂಟ್, ಥಿನ್ನರ್, ಡಿಯೋಡರೆಂಟ್, ಗಿಡಮರ ಎಲ್ಲದರಿಂದಲೂ ಬರತ್ತೆ. ಇವೆರಡೂ ಇದ್ದು ಬಿಸಿಲು ಬಿದ್ರೆ ಅಡುಗೆ ಶುರು.

ಈಗ ಉಷ್ಣಾಂಶ ಏರಿದ್ರೆ ಏನಾಗತ್ತೆ ನೋಡಿ. ಪೆಟ್ರೋಲ್ ಟ್ಯಾಂಕಿಂದ, ಪೇಂಟಿಂದ ಆವಿ ಜಾಸ್ತಿ ಏಳತ್ತೆ. ಡಾಂಬರಿಂದಲೂ! ರಸ್ತೆ ಹಾಕಿದ ದಿನ ವಾಸನೆ ಬರತ್ತೆ, ಆಮೇಲೆ ಮುಗೀತು ಅಂದ್ಕೊಂಡಿರ್ತೀವಿ, ಆದ್ರೆ 2020ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಡಾಂಬರನ್ನ 40 ಡಿಗ್ರಿಯಿಂದ 60 ಡಿಗ್ರಿಗೆ ಕಾಯಿಸಿದಾಗ ಹೊರಬರೋ ಆವಿ ಎರಡರಷ್ಟಾಯ್ತು, ಅದರ ಮೇಲೆ ಬಿಸಿಲಿನಂಥ ಬೆಳಕು ಬಿಟ್ರೆ ಇನ್ನೂ ಹಲವು ಪಟ್ಟು. ಬೇಸಿಗೆ ಮಧ್ಯಾಹ್ನ 60 ಡಿಗ್ರಿ ಅನ್ನೋದು ಕಪ್ಪು ರಸ್ತೆಗೆ ದೊಡ್ಡ ಮಾತೇ ಅಲ್ಲ.

ಇನ್ನೊಂದು ಅಷ್ಟಾಗಿ ಯಾರೂ ಮಾತಾಡದ ದಾರಿ ಇದೆ. ಗಾಳಿಯಲ್ಲಿ ಪ್ಯಾನ್ ಅನ್ನೋ ರಾಸಾಯನಿಕ ಇರತ್ತೆ, ಕಣ್ಣುರಿಗೆ ಇದೂ ಒಂದು ಕಾರಣ. ತಂಪಿದ್ರೆ ಅದು ನೈಟ್ರೋಜನ್ ಡಯಾಕ್ಸೈಡನ್ನ ತನ್ನೊಳಗೆ ಕಟ್ಟಿ ಹಾಕ್ಕೊಂಡು ದಿನಗಟ್ಟಲೆ ಸುಮ್ನಿರತ್ತೆ. ಬಿಸಿಯಾದ್ರೆ ಒಂದು ಗಂಟೆಯೊಳಗೆ ಒಡೆದು ಕಟ್ಟಿಟ್ಟಿದ್ದನ್ನೆಲ್ಲ ವಾಪಸ್ ಬಿಡತ್ತೆ, ಮತ್ತೆ ಓಝೋನ್ ಕೆಲಸಕ್ಕೆ ಸರಕು ರೆಡಿ. ಅಂದ್ರೆ ಹೊಸದಾಗಿ ಒಂದು ಹನಿ ಪೆಟ್ರೋಲ್ ಸುಡದೇ ಇದ್ರೂ ಬಿಸಿಗೇ ಗಾಳಿ ಕೆಡತ್ತೆ.

ಎಸಿ ಲೆಕ್ಕ ಎಲ್ಲರಿಗೂ ಗೊತ್ತಿರೋದೇ. ಊರು ಕಾದ್ರೆ ಎಸಿ ಹೆಚ್ಚು, ಎಸಿ ಹೆಚ್ಚಾದ್ರೆ ಸಂಜೆ ಹೊತ್ತು ಗ್ಯಾಸ್ ಸುಟ್ಟು ಕರೆಂಟ್ ಮಾಡೋ ಪ್ಲಾಂಟ್ ಹೆಚ್ಚು ಓಡ್ಬೇಕು, ಅಲ್ಲಿಂದ ನಾಕ್ಸ್, ಜೊತೆಗೆ ಎಸಿ ತನ್ನ ಬಿಸಿಯನ್ನ ರಸ್ತೆಗೇ ಉಗುಳತ್ತೆ.

ತೋಟ ಹೋಗಿ ಡಾಂಬರು ಬಂತು

ಲಾಸ್ ಏಂಜಲೀಸ್‌ನ ಹಳೇ ಉಷ್ಣಾಂಶ ದಾಖಲೆಯಲ್ಲಿ ಒಂದು ವಿಚಿತ್ರ ಇದೆ. 1930ರ ದಶಕದ ತನಕ ಊರು ನಿಧಾನಕ್ಕೆ ತಂಪಾಗ್ತಾ ಬಂದಿತ್ತು. ಯಾಕಂದ್ರೆ ಒಣ ಕುರುಚಲು ನೆಲಕ್ಕೆ ನೀರು ಹರಿಸಿ ಕಿತ್ತಳೆ ತೋಟ ಮಾಡಿದ್ರು, ನೀರು ಆವಿಯಾಗೋವಾಗ ಬಿಸಿ ಹೀರ್ಕೊಳ್ಳತ್ತಲ್ಲ, ಹಾಗೆ. ಆಮೇಲೆ ತೋಟ ಕಿತ್ತು ಮನೆ, ಫ್ರೀವೇ, ಪಾರ್ಕಿಂಗ್ ಲಾಟ್ ಬಂದ್ವು, ದಶಕಕ್ಕೆ ಸುಮಾರು ಅರ್ಧ ಡಿಗ್ರಿ ಲೆಕ್ಕದಲ್ಲಿ ಏರೋಕೆ ಶುರುವಾಯ್ತು. ಜಗತ್ತಿನ ಹವಾಮಾನ ಬದಲಾವಣೆ ಅದರ ಜೊತೆಗೆ ಬೇರೆ.

ಈ ದಾಖಲೆ ಹಿಡ್ಕೊಂಡು ಬರ್ಕ್‌ಲೀ ರಾಷ್ಟ್ರೀಯ ಪ್ರಯೋಗಾಲಯದ ಆರ್ಥರ್ ರೋಸೆನ್‌ಫೆಲ್ಡ್, ಹಶೆಮ್ ಅಕ್ಬರಿ, ಹೈದರ್ ತಾಹಾ ಇವರ ಗುಂಪು 1980ರ ದಶಕದಿಂದ ಕೆಲಸ ಮಾಡ್ತು. ಮನುಷ್ಯರೇ ಊರನ್ನ ಕಾಯಿಸಿದ್ರೆ ಮನುಷ್ಯರೇ ತಣಿಸ್ಬಹುದಲ್ವಾ ಅನ್ನೋದು ಅವರ ಮಾತಿನ ಸಾರ. 1990ರ ದಶಕದಲ್ಲಿ ಕಂಪ್ಯೂಟರ್ ಮಾಡೆಲ್ ಮಾಡಿ ನೋಡಿದ್ರು: ಸುಮಾರು ಒಂದು ಕೋಟಿ ನೆರಳಿನ ಮರ ನೆಟ್ಟು, ಲಕ್ಷಗಟ್ಟಲೆ ಚಾವಣಿ, ಜೊತೆಗೆ ರಸ್ತೆ ಎಲ್ಲ ತಿಳಿಬಣ್ಣ ಮಾಡಿದ್ರೆ ಊರಿನ ಮಧ್ಯಾಹ್ನದ ಉಷ್ಣಾಂಶ ಸುಮಾರು 3 ಡಿಗ್ರಿ ಇಳಿಯತ್ತೆ, ಮಿತಿ ಮೀರಿದ ಓಝೋನ್ 10ರಿಂದ 12 ಶೇಕಡಾ ಕಮ್ಮಿಯಾಗತ್ತೆ, ವರ್ಷಕ್ಕೆ ಸುಮಾರು 50 ಕೋಟಿ ಡಾಲರ್ ಉಳಿಯತ್ತೆ. ಆ ಉಳಿತಾಯದಲ್ಲಿ ಹೆಚ್ಚು ಪಾಲು ಕರೆಂಟ್ ಬಿಲ್ಲಿಂದಲ್ಲ, ಕಾಯಿಲೆ ಕಮ್ಮಿಯಾಗೋದ್ರಿಂದ. ಕಾನೂನಿನ ಮೇಲೆ ಕಾನೂನು ತಂದು ಒಂದೆರಡು ಶೇಕಡಾ ಇಳಿಸೋಕೆ ಒದ್ದಾಡ್ತಿರೋ ಊರಿಗೆ ಇದು ಸಣ್ಣ ಮಾತಲ್ಲ.

ಆಮೇಲೆ ಕೆಲಸ ಶುರುವಾಯ್ತು. 2005ರಲ್ಲಿ ಕ್ಯಾಲಿಫೋರ್ನಿಯಾದ ಕಟ್ಟಡ ನಿಯಮಾವಳಿಯಲ್ಲಿ ವಾಣಿಜ್ಯ ಕಟ್ಟಡಗಳ ಚಪ್ಪಟೆ ಚಾವಣಿಗೆ ಬಿಸಿಲು ವಾಪಸ್ ಕಳಿಸೋ ಹೊದಿಕೆ ಬಂತು. 2006ರಲ್ಲಿ ಮೇಯರ್ ಆಂಟೋನಿಯೋ ವಿಯರೈಗೋಸಾ ಹತ್ತು ಲಕ್ಷ ಮರ ನೆಡೋ ಅಭಿಯಾನ ಶುರು ಮಾಡಿದ್ರು. 2013ರ ಡಿಸೆಂಬರ್‌ನಲ್ಲಿ ಹೊಸ ಮನೆಗೂ, ಚಾವಣಿ ಬದಲಾಯಿಸೋ ಹಳೇ ಮನೆಗೂ ತಂಪು ಚಾವಣಿ ಕಡ್ಡಾಯ ಆಯ್ತು, ಅಮೆರಿಕದ ದೊಡ್ಡ ಊರುಗಳಲ್ಲಿ ಇದೇ ಮೊದಲು. 2017ರಲ್ಲಿ ಕನೋಗಾ ಪಾರ್ಕ್ ಅನ್ನೋ ಏರಿಯಾದಲ್ಲಿ ರಸ್ತೆಗೇ ತಿಳಿ ಬೂದು ಲೇಪನ ಹಚ್ಚಿದ್ರು, ಆಮೇಲೆ ಬೇರೆ ಏರಿಯಾಗಳಿಗೂ ಹೋಯ್ತು.

ಬೆಳ್ಳಗಿನ ರಸ್ತೆ ಮೇಲೆ ಮಧ್ಯಾಹ್ನ ನಿಂತವರು

ರಸ್ತೆಗೆ ಬಣ್ಣ ಹಚ್ಚೋದು ಟಿವಿಯಲ್ಲಿ ಚೆನ್ನಾಗಿ ಕಾಣತ್ತೆ. ಕಪ್ಪು ಡಾಂಬರಿನ ಮೇಲೆ ಬಕೆಟ್‌ಗಟ್ಟಲೆ ಸುರಿದು, ಉದ್ದ ಹಿಡಿಯ ರಬ್ಬರ್ ಒರೆಸುವ ಹಲಗೆಯಲ್ಲಿ ಕೆಲಸಗಾರರು ಸಾಲಾಗಿ ಎಳ್ಕೊಂಡು ಹೋಗ್ತಾರೆ, ಹಿಂದೆ ಬೂದುಬಿಳಿ ಪಟ್ಟೆ ಮೂಡತ್ತೆ. ಥರ್ಮಾಮೀಟರ್ ಗನ್ ಹಿಡಿದು ನೋಡಿದ್ರೆ ಪಕ್ಕದ ಕಪ್ಪು ರಸ್ತೆಗಿಂತ ಸ್ಪಷ್ಟವಾಗಿ ತಂಪು.

2019ರ ಬೇಸಿಗೆಯಲ್ಲಿ ಏರಿಯನ್ ಮಿಡ್ಲ್ ಅನ್ನೋ ಸಂಶೋಧಕಿ ಮತ್ತವರ ತಂಡ ಸನ್ ವ್ಯಾಲಿಯ ಇಂಥ ರಸ್ತೆಗೆ ಒಂದು ಗಾಡಿ ತಂದ್ರು. ತಳ್ಳುಗಾಡಿ ಥರ, ಅದರ ಮೇಲೆ ಆರು ದಿಕ್ಕಿಂದ ಬೀಳೋ ವಿಕಿರಣ ಅಳೆಯೋ ಉಪಕರಣ, ಮನುಷ್ಯ ಅಲ್ಲಿ ನಿಂತ್ರೆ ಮೈಗೆ ಎಷ್ಟು ಬಿಸಿ ತಟ್ಟತ್ತೆ ಅಂತ ಅದು ಹೇಳತ್ತೆ. ನೆಲ 4ರಿಂದ 6 ಡಿಗ್ರಿ ತಂಪಾಗಿದ್ದು ನಿಜ. ಆದ್ರೆ ನಡುಮಧ್ಯಾಹ್ನ ಅಲ್ಲಿ ನಿಂತವರ ಮೈಗೆ ತಟ್ಟೋ ವಿಕಿರಣದ ಬಿಸಿ ಮಾಮೂಲಿ ಡಾಂಬರಿಗಿಂತ ಸುಮಾರು 4 ಡಿಗ್ರಿ ಜಾಸ್ತಿ! ಯಾಕಂದ್ರೆ ನೆಲ ಹೀರದೇ ಇದ್ದ ಬಿಸಿಲು ಮಾಯ ಆಗಲ್ಲ, ಮೇಲಕ್ಕೆ ಚಿಮ್ಮತ್ತೆ, ದಾರಿಯಲ್ಲಿ ಬಸ್ಸಿಗೆ ಕಾಯ್ತಿರೋ ಹೆಂಗಸು ಇದ್ರೆ ಅವರ ಮೈಮೇಲೆ ಬೀಳತ್ತೆ. ಕಾರೊಳಗೆ ಹೋಗೋರಿಗೆ ಗೊತ್ತೇ ಆಗಲ್ಲ.

ಇದನ್ನ ಓದಿದ ಮೇಲೆ ನನ್ನ ಅಭಿಪ್ರಾಯ ಬದಲಾಯ್ತು. ರಸ್ತೆ ಲೇಪನ ಪೂರ್ತಿ ವ್ಯರ್ಥ ಅಂತಲ್ಲ. ನೆಲ ತಂಪಿದ್ರೆ ಡಾಂಬರಿನ ಆವಿ ಕಮ್ಮಿ, ರಾತ್ರಿ ಊರಿಗೆ ಬಿಟ್ಟುಕೊಡೋ ಬಿಸಿನೂ ಕಮ್ಮಿ. ಪಕೋಯ್ಮಾ ಏರಿಯಾದಲ್ಲಿ 2022ರಿಂದ ರಸ್ತೆ, ಶಾಲೆ ಅಂಗಳ, ಪಾರ್ಕ್ ಸೇರಿಸಿ ಒಂದು ಇಡೀ ಬಡಾವಣೆಗೇ ಲೇಪನ ಹಾಕಿದಾಗ ಗಾಳಿಯ ಉಷ್ಣಾಂಶವೇ ಒಂದರಿಂದ ಎರಡು ಡಿಗ್ರಿ ಆಸುಪಾಸು ಇಳೀತು ಅಂತ ವರದಿ ಬಂದಿದೆ. ಲೇಪನ ತಯಾರಿಸೋ ಕಂಪನಿಯೇ ದುಡ್ಡು ಹಾಕಿದ ಯೋಜನೆ ಅದು, ಹಾಗಾಗಿ ಸಂಬಂಧ ಇಲ್ಲದವರು ಇನ್ನೊಂದಷ್ಟು ಕಡೆ ಅಳೆದು ನೋಡೋದು ಒಳ್ಳೇದು. ಅದೇನೇ ಇರ್ಲಿ, ಜನ ನಡೆಯೋ, ನಿಲ್ಲೋ, ಮಕ್ಕಳು ಆಡೋ ಜಾಗಕ್ಕೆ ಬೇಕಿರೋದು ನೆರಳು. ಮರ ಬಿಸಿಲನ್ನ ತಲೆ ಮೇಲೇ ತಡೆಯತ್ತೆ, ಬಣ್ಣ ಕಾಲ ಕೆಳಗಿಂದ ವಾಪಸ್ ಎಸೆಯತ್ತೆ.

ಮುಚ್ಚಳ ಕೆಳಗಿಳಿದಾಗ

ಪ್ರಕರಣದ ಅತಿ ಮುಖ್ಯ ಭಾಗ ಇದು, ಹೆಚ್ಚಿನವರು ಬಿಟ್ಟುಬಿಡೋದೂ ಇದನ್ನೇ.

ಬಿಸಿ ನೆಲ ಗಾಳಿಯನ್ನ ಮೇಲೆತ್ತತ್ತೆ. ಹಗಲಲ್ಲಿ ಗಾಳಿ ಕಲಸಿಕೊಳ್ಳೋ ಪದರ ಎಷ್ಟು ಎತ್ತರ ಇದೆಯೋ ಅಷ್ಟು ಜಾಗದಲ್ಲಿ ಕೊಳೆ ಹರಡ್ಕೊಳ್ಳತ್ತೆ. ನೆಲ ತಂಪಾದ್ರೆ ಆ ಪದರ ಕುಗ್ಗತ್ತೆ, ಮುಚ್ಚಳ ಕೆಳಗಿಳಿದ ಹಾಗೆ. ಜೊತೆಗೆ ನೆಲಕ್ಕೂ ಸಮುದ್ರಕ್ಕೂ ಇರೋ ಉಷ್ಣಾಂಶದ ವ್ಯತ್ಯಾಸ ಕಮ್ಮಿಯಾಗಿ ಸಮುದ್ರದ ಗಾಳಿನೂ ಸ್ವಲ್ಪ ಮಂದ ಆಗತ್ತೆ. ಹೊಗೆ ಅಷ್ಟೇ ಇದ್ದು ಅದಕ್ಕೆ ಸಿಗೋ ಜಾಗ ಕಮ್ಮಿಯಾದ್ರೆ ಏನಾಗತ್ತೆ? ಪಿಎಂ 2.5, ಅಂದ್ರೆ ಉಸಿರಿನ ಜೊತೆ ಶ್ವಾಸಕೋಶದ ಒಳಗೇ ಇಳಿಯೋ ಅತಿ ಸಣ್ಣ ಕಣಗಳು, ದಟ್ಟ ಆಗತ್ತೆ. 2017ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ (ಆ ಪ್ರದೇಶದ ವಾಯು ಗುಣಮಟ್ಟ ಸಂಸ್ಥೆಯವರೇ ಅದರಲ್ಲಿದ್ರು) ದಕ್ಷಿಣ ಕ್ಯಾಲಿಫೋರ್ನಿಯಾ ಪೂರ್ತಿ ತಂಪು ಚಾವಣಿ ಹಾಕಿದ್ರೆ ಏನಾಗತ್ತೆ ಅಂತ ಮಾಡೆಲ್ ಮಾಡಿದಾಗ ಇದೇ ಬಂತು: ಪಿಎಂ 2.5 ಸ್ವಲ್ಪ ಏರತ್ತೆ. ಓಝೋನ್ ಏರತ್ತೋ ಇಳಿಯತ್ತೋ ಅನ್ನೋದು ಚಾವಣಿ ನೇರಳಾತೀತ ಕಿರಣವನ್ನ ಎಷ್ಟು ವಾಪಸ್ ಕಳಿಸತ್ತೆ ಅನ್ನೋದರ ಮೇಲೆ ನಿಂತಿದೆ. ಅದು ಜಾಸ್ತಿ ವಾಪಸ್ ಹೋದ್ರೆ ಗಾಳಿಯಲ್ಲಿರೋ ನೈಟ್ರೋಜನ್ ಡಯಾಕ್ಸೈಡ್ ಇನ್ನಷ್ಟು ಒಡೆದು ಓಝೋನ್ ಹೆಚ್ಚಾಗತ್ತೆ.

ಅಂದ್ರೆ ರೋಸೆನ್‌ಫೆಲ್ಡ್ ಗುಂಪು ಹೇಳಿದ್ದು ಸುಳ್ಳಾ? ಅಲ್ಲ. ಅವರು ನೋಡಿದ್ದು ಮರ, ಚಾವಣಿ, ರಸ್ತೆ ಎಲ್ಲ ಸೇರಿ 3 ಡಿಗ್ರಿ ಇಳಿದ್ರೆ ಓಝೋನ್ ರಸಾಯನ ಎಷ್ಟು ನಿಧಾನ ಆಗತ್ತೆ, ಆವಿ ಎಷ್ಟು ಕಮ್ಮಿ ಆಗತ್ತೆ ಅಂತ. ನಂತರದವರು ನೋಡಿದ್ದು ಬರೀ ಚಾವಣಿಯಿಂದ ಗಾಳಿಯ ಓಡಾಟ ಹೇಗೆ ಬದಲಾಗತ್ತೆ, ಓಝೋನ್ ಜೊತೆ ಕಣಗಳದ್ದು ಏನಾಗತ್ತೆ ಅಂತ. ಎರಡೂ ಒಂದೇ ಊರಿನ ಎರಡು ಮುಖ. ಇದರಿಂದ ನನಗೆ ಖಚಿತ ಆಗಿದ್ದು ಏನಂದ್ರೆ ಹೊಗೆಯನ್ನ ಹಾಗೇ ಬಿಟ್ಟು ಬಿಸಿಯನ್ನ ಮಾತ್ರ ಇಳಿಸೋಕೆ ಹೋಗಬಾರದು. ಪಾತ್ರೆಯಲ್ಲಿ ಸರಕು ಕಮ್ಮಿ ಮಾಡ್ತಾ ಉರಿ ಕಮ್ಮಿ ಮಾಡಿದ್ರೆ ಮುಚ್ಚಳ ಸ್ವಲ್ಪ ಕೆಳಗೆ ಬಂದ್ರೂ ನಷ್ಟ ಇಲ್ಲ.

ಚಾವಣಿ ವಿಷಯದಲ್ಲಿ ಪರಿಹಾರ ಕೈಗೆಟುಕೋ ಹಾಗಿದೆ. ಬಿಸಿಲಿನ ಶಕ್ತಿಯಲ್ಲಿ ನೇರಳಾತೀತದ ಪಾಲು ಬಹಳ ಸಣ್ಣದು, ಹೆಚ್ಚಿನದು ಕಣ್ಣಿಗೆ ಕಾಣೋ ಬೆಳಕು ಮತ್ತು ಅವಕೆಂಪು. ಬಿಳಿ ಪೇಂಟಲ್ಲಿ ಬಳಸೋ ಟೈಟೇನಿಯಂ ಡಯಾಕ್ಸೈಡ್ ನೇರಳಾತೀತವನ್ನ ಹೀರ್ಕೊಂಡು ಉಳಿದಿದ್ದನ್ನ ವಾಪಸ್ ಕಳಿಸತ್ತೆ, ಅಂದ್ರೆ ನಮಗೆ ಬೇಕಾದ ಗುಣ ಮಾಮೂಲಿ ಬಿಳಿ ಪೇಂಟಲ್ಲೇ ಇದೆ. ನಿಯಮ ಬರೆಯೋರು ಒಟ್ಟು ಪ್ರತಿಫಲನ ಇಷ್ಟಿರ್ಬೇಕು ಅನ್ನೋದರ ಜೊತೆಗೆ ನೇರಳಾತೀತ ಇಷ್ಟರ ಮೇಲೆ ಹೋಗಬಾರದು ಅಂತ ಒಂದು ಸಾಲು ಸೇರಿಸಿದ್ರೆ ಸಾಕು. ಅಷ್ಟು ಸಣ್ಣ ಸಾಲಿಗೆ ಅಷ್ಟು ದೊಡ್ಡ ಬೆಲೆ ಇದೆ.

ಮರಗಳೂ ಉಸಿರು ಬಿಡತ್ತೆ

ಹತ್ತು ಲಕ್ಷ ಮರದ ಅಭಿಯಾನ ಗುರಿ ಮುಟ್ಟಲಿಲ್ಲ, ಅರ್ಧಕ್ಕೂ ಹೋಗ್ಲಿಲ್ಲ. ವರ್ಷಕ್ಕೆ ಸುಮಾರು 370 ಮಿಲಿಮೀಟರ್ ಮಳೆ ಬೀಳೋ ಊರದು, ಬೇಸಿಗೆಯಲ್ಲಿ ಹನಿಯೂ ಇಲ್ಲ. ಸಸಿ ನೆಟ್ಟು ಫೋಟೋ ತೆಗೆಯೋದು ಒಂದು ಬೆಳಗಿನ ಕೆಲಸ, ಅದಕ್ಕೆ ಮೊದಲ ಮೂರು ನಾಲ್ಕು ವರ್ಷ ವಾರವಾರ ನೀರು ಹಾಕೋದು ಇನ್ನೊಬ್ಬರ ಕೆಲಸ, ಆ ಇನ್ನೊಬ್ಬರು ಯಾರು ಅಂತ ಮೊದಲೇ ತೀರ್ಮಾನ ಆಗ್ಬೇಕು. ಊರಿನ ಗುರುತಾಗಿರೋ ಎತ್ತರದ ಪಾಮ್ ಮರ ಬೇರೆ, ಸಾಲಾಗಿ ನೋಡೋಕೆ ಚಂದ, ಕೆಳಗೆ ನೆರಳು ಅಂತ ಹೇಳೋಕೆ ಏನೂ ಇಲ್ಲ.

ಮರದ ಜಾತಿ ಇನ್ನೂ ಸೂಕ್ಷ್ಮ ವಿಷಯ. ಕೆಲವು ಮರ ಐಸೋಪ್ರೀನ್, ಟರ್ಪೀನ್ ಅನ್ನೋ ಆವಿ ಬಿಡತ್ತೆ, ನೀಲಗಿರಿ ಎಲೆ ಉಜ್ಜಿದಾಗ ಬರೋ ವಾಸನೆ ಟರ್ಪೀನ್ ಜಾತಿಯದ್ದೇ. ಅದೂ ವಿಓಸಿನೇ. ಬಿಸಿ ಏರಿದಂಗೆ ಮರ ಅದನ್ನ ಜಾಸ್ತಿ ಬಿಡತ್ತೆ. 2021ರ ಜೂನ್‌ನಲ್ಲಿ ಸಂಶೋಧಕರು ವಿಮಾನದಲ್ಲಿ ಊರಿನ ಮೇಲೆ ಕಡಿಮೆ ಎತ್ತರದಲ್ಲಿ ಹಾರಾಡಿ ಕೆಳಗಿಂದ ಏಳೋ ಆವಿಯನ್ನ ಅಳೆದ್ರು. 2024ರಲ್ಲಿ ಬಂದ ಫಲಿತಾಂಶದ ಪ್ರಕಾರ ಬೇಸಿಗೆಯಲ್ಲಿ ಅಲ್ಲಿ ವಿಓಸಿಗಳಿಂದ ಓಝೋನ್ ಹುಟ್ಟೋ ಸಾಧ್ಯತೆಯಲ್ಲಿ ಸುಮಾರು 60 ಶೇಕಡಾ ಗಿಡಮರದ ಈ ಟರ್ಪೀನ್ ಜಾತಿಯ ಆವಿಗಳದ್ದು, ಬಿಸಿ ಏರಿದ್ರೆ ಆ ಪಾಲೂ ಏರತ್ತೆ.

ಇದನ್ನ ಹಿಡ್ಕೊಂಡು ನೋಡಿ ಮರವೇ ಮಾಲಿನ್ಯ ಅನ್ನೋರಿದ್ದಾರೆ. ದಯವಿಟ್ಟು ಹಾಗೆ ಓದ್ಬೇಡಿ. ನಾಕ್ಸ್ ಇಲ್ಲದ ಕಾಡಲ್ಲಿ ಇದೇ ಮರ ಇದೇ ಆವಿ ಬಿಟ್ಟರೂ ಇಂಥ ಓಝೋನ್ ಹುಟ್ಟಲ್ಲ. ಮರ ಬಿಡೋ ಆವಿಯನ್ನ ಕಾನೂನಿಂದ ನಿಲ್ಲಿಸೋಕಾಗಲ್ಲ, ನಿಲ್ಲಿಸ್ಬಹುದಾದದ್ದು ಡೀಸೆಲ್ ಇಂಜಿನ್ನಿನ ನಾಕ್ಸ್, ಹಾಗಾಗಿ ಅದರ ಮೇಲೇ ಕೈ ಇಡ್ಬೇಕು ಅಂತಲೇ ಆ ಅಧ್ಯಯನವೂ ಹೇಳೋದು. ಹಿಂದೆ ಪರಿಸ್ಥಿತಿ ಬೇರೆ ಇತ್ತು, ನಾಕ್ಸ್ ಎಷ್ಟು ತುಂಬಿತ್ತು ಅಂದ್ರೆ ಶನಿವಾರ ಭಾನುವಾರ ಲಾರಿ ಕಮ್ಮಿಯಾದ್ರೆ ಓಝೋನ್ ಇನ್ನೂ ಏರ್ತಿತ್ತು (ನಾಕ್ಸ್ ಅತಿಯಾದಾಗ ಅದೇ ಓಝೋನನ್ನ ಸ್ವಲ್ಪ ತಿಂದು ಹಾಕತ್ತೆ), ಅದನ್ನ ತೋರಿಸಿ ಲಾರಿ ಕಮ್ಮಿ ಮಾಡಿ ಏನು ಪ್ರಯೋಜನ ಅಂತ ವಾದ ಮಾಡಿದವರೂ ಇದ್ರು. ಈಗ ಆ ಘಟ್ಟ ದಾಟ್ತಾ ಇದೆ, ಅದ್ರಲ್ಲೂ ಬಿಸಿ ದಿನಗಳಲ್ಲಿ ನಾಕ್ಸ್ ಇಳಿಸಿದಷ್ಟೂ ಓಝೋನ್ ಇಳಿಯೋ ಕಡೆಗೆ ಊರು ಬಂದಿದೆ. ಹೊಸದಾಗಿ ನೆಡುವಾಗ ನೀಲಗಿರಿ, ಸ್ವೀಟ್‌ಗಮ್ ಥರ ಹೆಚ್ಚು ಆವಿ ಬಿಡೋ ಜಾತಿ ಬಿಟ್ಟು ಕಡಿಮೆ ಬಿಡೋದನ್ನ ಆರಿಸಿದ್ರೆ ಆಯ್ತು, ಯಾವ ಮರ ಎಷ್ಟು ಬಿಡತ್ತೆ ಅನ್ನೋ ಪಟ್ಟಿ ಆ ಪ್ರದೇಶಕ್ಕೆ 1990ರ ದಶಕದಲ್ಲೇ ತಯಾರಾಗಿದೆ.

ಯಾರ ತಲೆ ಮೇಲೆ ನೆರಳಿಲ್ಲ

ಊರಿನ ಒಟ್ಟು ಮರದ ಹೊದಿಕೆಯಲ್ಲಿ ಸುಮಾರು 20 ಶೇಕಡಾ ಇರೋದು ಬರೀ 1 ಶೇಕಡಾ ಜನ ವಾಸ ಮಾಡೋ ಜಾಗದಲ್ಲಿ. ಆ ಕಡೆ ಶ್ರೀಮಂತರ ಬೆಲ್ ಏರ್, ಬ್ರೆಂಟ್‌ವುಡ್. ಈ ಕಡೆ ದಕ್ಷಿಣ ಲಾಸ್ ಏಂಜಲೀಸ್, ಅಗಲವಾದ ರಸ್ತೆ, ಬೋಳು ಫುಟ್‌ಪಾತ್. ಇದು ತಾನಾಗೇ ಆಗಿದ್ದಲ್ಲ. 1930ರ ದಶಕದಲ್ಲಿ ಅಮೆರಿಕದಲ್ಲಿ ಬಡವರು, ಕಪ್ಪು ಜನ ಇರೋ ಬಡಾವಣೆಗೆ ನಕ್ಷೆಯಲ್ಲಿ ಕೆಂಪು ಬಣ್ಣ ಬಳಿದು ಮನೆ ಸಾಲ ಸಿಗದ ಹಾಗೆ ಮಾಡಿದ್ರು. ಆ ಹಳೇ ಕೆಂಪು ಬಡಾವಣೆಗಳು ಇವತ್ತು ಹೇಗಿವೆ ಅಂತ 108 ಅಮೆರಿಕನ್ ಊರುಗಳಲ್ಲಿ ನೋಡಿದ 2020ರ ಅಧ್ಯಯನದಲ್ಲಿ, ಅದೇ ನಕ್ಷೆಯಲ್ಲಿ ಸಾಲಕ್ಕೆ ಒಳ್ಳೇದು ಅಂತ ಹಸಿರು ಬಣ್ಣ ಸಿಕ್ಕ ಬಡಾವಣೆಗಿಂತ ಅವುಗಳ ನೆಲ ಸರಾಸರಿ 2.6 ಡಿಗ್ರಿ ಹೆಚ್ಚು ಕಾದಿತ್ತು. ತೊಂಬತ್ತು ವರ್ಷದ ಹಿಂದಿನ ನಕ್ಷೆಯ ಬಣ್ಣ ಇವತ್ತಿನ ಮಧ್ಯಾಹ್ನದ ಬಿಸಿಲಲ್ಲಿ ಕಾಣ್ತಿದೆ. ಲಾಂಗ್ ಬೀಚ್, ಲಾಸ್ ಏಂಜಲೀಸ್ ಬಂದರುಗಳಿಂದ ಕಂಟೇನರ್ ಲಾರಿ ಸಾಲುಗಟ್ಟಿ ಬರೋ 710 ಫ್ರೀವೇನೂ ಶ್ರೀಮಂತರ ಮನೆ ಪಕ್ಕ ಹೋಗಲ್ಲ.

ಹಾಗಾಗಿ ನನ್ನ ಪ್ರಕಾರ ಈ ಊರಲ್ಲಿ ಕೆಲಸದ ಸರದಿ ಹೀಗಿರ್ಬೇಕು. ಬಂದರಿನ ಲಾರಿ, ಗೋಡೌನ್ ಲಾರಿಗಳ ನಾಕ್ಸ್ ಮೊದಲು. ಅದು ಇಳಿಯೋವಾಗಲೇ ಮರ, ಅದೂ ಮರ ಇಲ್ಲದ ಬಡಾವಣೆಯಲ್ಲಿ, ನೀರು ಹಾಕೋ ಸಂಬಳದ ಕೆಲಸಗಾರರ ಸಮೇತ. ಚಾವಣಿ ಕಾನೂನು ಈಗಾಗಲೇ ಇದೆ, ನೇರಳಾತೀತದ ಸಾಲು ಸೇರಿಸಿ ಮುಂದುವರಿಸೋದು. ರಸ್ತೆ ಲೇಪನ ಕೊನೆಗೆ, ಜನ ನಿಲ್ಲದ ಪಾರ್ಕಿಂಗ್ ಲಾಟ್, ಗೋಡೌನ್ ಅಂಗಳಗಳಿಂದ ಶುರು ಮಾಡಿ.

ಶಾಲೆ ಅಂಗಳ ಮಾತ್ರ ಸರದಿಗೆ ಕಾಯೋದು ಬೇಡ. ದಕ್ಷಿಣ ಕ್ಯಾಲಿಫೋರ್ನಿಯಾದ ಮಕ್ಕಳನ್ನ ವರ್ಷಗಟ್ಟಲೆ ಹಿಂಬಾಲಿಸಿದ ಅಧ್ಯಯನ ಒಂದಿದೆ, 1990ರ ದಶಕದಲ್ಲಿ ಶುರುವಾಗಿದ್ದು. ಓಝೋನ್ ಜಾಸ್ತಿ ಇರೋ ಊರುಗಳಲ್ಲಿ ಮೂರು ಅಥವಾ ಹೆಚ್ಚು ಆಟಗಳಲ್ಲಿ ತೊಡಗಿದ್ದ ಮಕ್ಕಳಿಗೆ, ಆಟ ಆಡದ ಮಕ್ಕಳಿಗಿಂತ ಅಸ್ತಮಾ ಬರೋ ಸಾಧ್ಯತೆ ಮೂರು ಪಟ್ಟಿಗೂ ಹೆಚ್ಚು ಅಂತ 2002ರಲ್ಲಿ ಅದರಿಂದ ಗೊತ್ತಾಯ್ತು. ಜಾಸ್ತಿ ಓಡಿದ ಮಗು ಜಾಸ್ತಿ ಉಸಿರೆಳ್ಕೊಳ್ಳತ್ತೆ, ಅಷ್ಟೇ ಆ ಮಗು ಮಾಡಿದ್ದು. ಅದೇ ಅಧ್ಯಯನದ 2015ರ ವರದಿಯಲ್ಲಿ ಒಳ್ಳೇ ಸುದ್ದಿನೂ ಇದೆ: ನೈಟ್ರೋಜನ್ ಡಯಾಕ್ಸೈಡ್, ಪಿಎಂ 2.5 ಇಳಿದ ಹಾಗೆ ಮುಂದಿನ ತಲೆಮಾರಿನ ಮಕ್ಕಳ ಶ್ವಾಸಕೋಶ ಚೆನ್ನಾಗಿ ಬೆಳೀತು.

ಅಲ್ಲಿನ ಶಾಲೆ ಅಂಗಳ ಎಷ್ಟೋ ಕಡೆ ಗೋಡೆಯಿಂದ ಗೋಡೆಗೆ ಡಾಂಬರು. ಓಝೋನ್ ಏರಿ ನಿಲ್ಲೋದು ಮಧ್ಯಾಹ್ನ ಎರಡು ಮೂರು ಗಂಟೆ ಹೊತ್ತಿಗೆ, ನೆಲ ಚೆನ್ನಾಗಿ ಕಾದಿರೋದೂ ಅದೇ ಆಸುಪಾಸಲ್ಲಿ, ಕ್ಲಾಸ್ ಮುಗಿಸಿ ಮಕ್ಕಳು ಆಟಕ್ಕೆ ಇಳಿಯೋದೂ ಆಗಲೇ. 2022ರಲ್ಲಿ ಅಲ್ಲಿನ ಶಾಲಾ ಮಂಡಳಿ 2035ರ ಹೊತ್ತಿಗೆ ಪ್ರತಿ ಶಾಲೆಯ ಅಂಗಳದಲ್ಲಿ ಕನಿಷ್ಠ 30 ಶೇಕಡಾ ಹಸಿರು ಇರ್ಬೇಕು ಅಂತ ಗುರಿ ಹಾಕ್ಕೊಂಡಿದೆ. ಡಾಂಬರು ಅಗೆದು, ಗಟ್ಟಿಯಾದ ಮಣ್ಣು ಸಡಿಲ ಮಾಡಿ, ಕಡಿಮೆ ಆವಿ ಬಿಡೋ ಅಗಲ ಹರಡೋ ಸಸಿ ತಂದು ಇಟ್ಟರೂ ಅದರ ನೆರಳು ಒಂದು ಮಗುವಿನ ತಲೆ ಮುಚ್ಚೋ ಹೊತ್ತಿಗೆ ಹತ್ತು ವರ್ಷ ಆಗತ್ತೆ, ಅಂದ್ರೆ 2035ರ ನೆರಳಿಗೆ ಗುಂಡಿ ಈಗಲೇ ತೋಡ್ಬೇಕು.